ಕಡೆಯ ಪುಟದ ಸಂಖ್ಯೆ

ಬು ಕುಸ್ಮಿಯಾತಿ ನಮ್ಮ ಕಚೇರಿಗೆ ಸೇರಿದಾಗ ಅಲ್ಲಿ ಒಂದೂ ಕಂಪ್ಯೂಟರ್ ಇರಲಿಲ್ಲ. ಸುರಬಾಯ ಬಂದರಿನ ಹತ್ತಿರ, ಕಾಲಿಮಾಸ್ ನದಿಯ ದಂಡೆಯ ಹಳೇ ಗೋದಾಮೊಂದರ ಮೇಲಂತಸ್ತಿನಲ್ಲಿ ಆರು ಟೈಪ್‌ರೈಟರುಗಳು, ನಕ್ಷೆ ಬರೆಯಲು ಎರಡು ಓರೆ ಮೇಜುಗಳು, ಅಷ್ಟೆ. ಕೆಲಸ ಮಾತ್ರ ಆಗಲೂ ಈಗಲೂ ಒಂದೇ. ಹಡಗುಗಳ ಎಂಜಿನ್, ಪಂಪು, ಜನರೇಟರುಗಳ ಕೈಪಿಡಿ ತಯಾರಿಸುವುದು. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು, ಎಣ್ಣೆಯನ್ನು ಎಷ್ಟು ಗಂಟೆಗೊಮ್ಮೆ ಬದಲಿಸಬೇಕು, ಹೊಗೆ ಕಪ್ಪಗೆ ಬಂದರೆ ಮೊದಲು ಏನನ್ನು ಬಿಚ್ಚಿ ನೋಡಬೇಕು ಎಂಬುದನ್ನೆಲ್ಲ ನಡುಸಮುದ್ರದಲ್ಲಿರುವವನಿಗೆ ಅರ್ಥವಾಗುವಂತೆ ಬರೆದು, ಅಚ್ಚು ಮಾಡಿ, ರಟ್ಟು ಹಾಕಿ ಕೊಡುವುದು.

ನಾನು ಮುನಾಸಿರ್. ಆ ಪುಸ್ತಕಗಳ ಪದ ತಿದ್ದುವವನು. ಹನ್ನೊಂದು ವರ್ಷ ಅವರ ಎದುರಿನ ಮೇಜಿನಲ್ಲಿ ಕೂತಿದ್ದೇನೆ. ಆದ್ದರಿಂದ ಸೆಂದಾನ ಹಡಗಿನ ಕೈಪಿಡಿಯ ಕಥೆಯನ್ನು ನನಗಿಂತ ಹತ್ತಿರದಿಂದ ನೋಡಿದವರು ಅವರೊಬ್ಬರೇ.

ಆಗ ಅವರಿಗೆ ಐವತ್ಮೂರು. ಗಿಡ್ಡ ಆಳು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಹತ್ತನೆಯ ತರಗತಿಯಾಚೆಗೆ ಓದಿದವರಲ್ಲ. ಆದರೆ ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದು, ಅದರ ಹಿಂದೆಯೇ ಎಕ್ಸ್‌ಎಂಎಲ್ ಎಂಬ ಹೊಸ ಪದ್ಧತಿಯೂ ಬಂದಾಗ ಕಾಲೇಜು ಮುಗಿಸಿದ ನಾವೆಲ್ಲ ಕಣ್‌ಕಣ್ ಬಿಡುತ್ತಿದ್ದರೆ, ಅವರು ಒಂದೇ ವಾರದಲ್ಲಿ ಅದನ್ನು ಹಿಡಿದುಬಿಟ್ಟರು. ಆ ಪದ್ಧತಿಯಲ್ಲಿ ಬರೆದುದಕ್ಕೆಲ್ಲ ಹಿಂದೊಂದು ಮುಂದೊಂದು ಗುರುತು ಹಾಕಬೇಕು. ಇಲ್ಲಿಂದ ಅಧ್ಯಾಯ ಶುರು, ಇಲ್ಲಿಗೆ ಮುಗಿಯಿತು. ಇಲ್ಲಿಂದ ಎಚ್ಚರಿಕೆಯ ಮಾತು, ಇಲ್ಲಿಗೆ ಮುಗಿಯಿತು. ಇಡೀ ಕೈಪಿಡಿ ಹೀಗೆ ಒಂದೇ ಉದ್ದನೆಯ ಕಡತವಾಗುತ್ತದೆ. ಆಮೇಲೆ ಒಂದು ಪ್ರೋಗ್ರಾಂ ಅದನ್ನು ಓದಿ, ಪುಟ ಪುಟವಾಗಿ ಕತ್ತರಿಸಿ, ಚಿತ್ರಗಳನ್ನು ಕೂರಿಸಿ ಅಚ್ಚಿಗೆ ಸಿದ್ಧ ಮಾಡಿಕೊಡುತ್ತದೆ.

"ಇದೇನ್ ಮಹಾ?" ಎನ್ನುತ್ತಿದ್ದರು ಬು ಕುಸ್. "ಒಳಗೋಗೋಕೊಂದು ಬಾಗ್ಲು, ಹೊರಗ್ ಬರೋಕೊಂದು ಬಾಗ್ಲು. ತೆಗೆದಿದ್ದನ್ನ ಮುಚ್ಬೇಕು ಅಂತ ನಿಮ್ಮಮ್ಮ ಹೇಳ್ಕೊಟ್ಟಿಲ್ವೇನೋ ಚಾಕ್?"

ಸುರಬಾಯದವರು ನಾವು, ಅಣ್ಣತಮ್ಮಂದಿರನ್ನೂ ಸ್ನೇಹಿತರನ್ನೂ ಚಾಕ್ ಎಂದೇ ಕರೆಯುವವರು. ಬೈಯುವಾಗಲೂ ಚಾಕ್ ಎಂದೇ ಬೈಯುತ್ತೇವೆ. ಹಿರಿಯ ಹೆಂಗಸರಿಗೆ ಬು, ಹಿರಿಯ ಗಂಡಸರಿಗೆ ಪಾಕ್, ಅಣ್ಣನಂಥವರಿಗೆ ಮಾಸ್, ಚೀನೀ ಮನೆತನದ ಅಕ್ಕಂದಿರಿಗೆ ಚಿ.

ಸೆಂದಾನ ಜಪಾನಿನಲ್ಲಿ ಇಪ್ಪತ್ತು ವರ್ಷ ಓಡಿ, ಕೈ ಬದಲಾಗಿ ನಮ್ಮ ಕಡೆಗೆ ಬಂದ ಹಡಗು. ಸುರಬಾಯದಿಂದ ಮಕಸ್ಸಾರ್‌ಗೆ ಜನ, ಲಾರಿ, ಮೋಟರ್‌ಸೈಕಲ್ಲುಗಳನ್ನು ಸಾಗಿಸಬೇಕಿತ್ತು. ಅದರ ಹಳೆಯ ಕೈಪಿಡಿಗಳು ಎಣ್ಣೆ ಕುಡಿದು ಅಂಟಿಕೊಂಡಿದ್ದವು. ಅವನ್ನೆಲ್ಲ ಬಿಡಿಸಿ, ನಮ್ಮ ಭಾಷೆಗೆ ತಂದು, ಒಂದೇ ಹೊಸ ಕೈಪಿಡಿ ಮಾಡಿಕೊಡಲು ನಮಗೆ ವಹಿಸಿದ್ದರು. ನಾಲ್ಕು ಜನ ಒಂದೂವರೆ ವರ್ಷ ಕೂತು ಟೈಪು ಮಾಡಿದರು. ಅರವತ್ತೆಂಟು ಅಧ್ಯಾಯಗಳಾದವು. ಅದಕ್ಕೆ ಮೊದಲು ನಾವು ಮಾಡಿದ್ದರಲ್ಲಿ ಅತಿ ದೊಡ್ಡದೆಂದರೆ ಆರುನೂರು ಪುಟದ್ದು. ಇದು ಎಷ್ಟು ಪುಟವಾಗುತ್ತದೆಂದು ಯಾರೂ ಲೆಕ್ಕ ಹಾಕಿರಲಿಲ್ಲ.

ಆ ತಿಂಗಳ ಹತ್ತೊಂಬತ್ತನೆಯ ತಾರೀಕು ಹಡಗಿನ ತಪಾಸಣೆ. ಪೂರ್ತಿ ಕೈಪಿಡಿ ಹಡಗಿನಲ್ಲಿ ಇರದಿದ್ದರೆ ಹೊರಡಲು ಅನುಮತಿ ಇಲ್ಲ. ಎಂಟನೆಯ ತಾರೀಕು, ಸೋಮವಾರ ಬೆಳಿಗ್ಗೆ, ಬು ಕುಸ್ ಬಿಸ್ಮಿಲ್ಲಾ ಎಂದು ಪ್ರೋಗ್ರಾಂ ಶುರು ಮಾಡಿದರು. ಮುಕ್ಕಾಲು ಗಂಟೆಗೆ ಅದು ನಿಂತುಬಿಟ್ಟಿತು. ಪರದೆಯ ಮೇಲೆ ಕೆಂಪು ಸಾಲೊಂದು ಬಂತು: ಮೆಮೊರಿ ಸಾಲದು.

"ಜಾಗ ಸಾಲ್ದು ಅಂತಿದೆ," ಎಂದರು ಅವರು.

ಜಾಗ ತಾನೇ, ಮಾಡಿಕೊಟ್ಟರಾಯಿತು ಎಂದು ಆ ಕಂಪ್ಯೂಟರಿನಲ್ಲಿದ್ದ ಹಳೆಯ ಕಡತಗಳನ್ನೆಲ್ಲ ಅಳಿಸಿದರು. ತಮ್ಮ ತಂಗಿಯ ಮಗಳ ಮದುವೆಯ ಫೋಟೋಗಳನ್ನು ಅಳಿಸಿದರು. ನಾವೆಲ್ಲ ಸೇರಿ ಕೂಡಿಹಾಕಿದ್ದ ಕರೋಕೆ ಹಾಡುಗಳು ಎರಡು ಸಾವಿರ ಇದ್ದವು, ಅವನ್ನೂ ಅಳಿಸಿದರು. ಮಧ್ಯಾಹ್ನ ಮತ್ತೆ ಶುರು ಮಾಡಿದರೆ ಮತ್ತೆ ಮುಕ್ಕಾಲು ಗಂಟೆಗೆ ಅದೇ ಕೆಂಪು ಸಾಲು. ಒಂಬತ್ತನೆಯ ಅಧ್ಯಾಯದಲ್ಲಿ ನಿಂತಿತ್ತು.

"ಮನೆ ಖಾಲಿ ಮಾಡಿಕೊಟ್ಟೀನಿ, ಆದ್ರೂ ಕೂರೋಕ್ ಜಾಗ ಇಲ್ಲ ಅಂತದಲ್ಲ!" ಎಂದರು.

"ನನ್ನ ಹಾಡ್‌ಗಳು ಹೋದ್ವು ಬು," ಎಂದೆ ನಾನು.

"ನಿನ್ ಹಾಡು ಹೋಗಿದ್ದಕ್ಕೆ ಇಡೀ ಸುರಬಾಯ ನನಗೆ ಸಲಾಂ ಹೊಡೀತದೆ, ಸುಮ್ನಿರು."

ಮಂಗಳವಾರ ನಮ್ಮ ಯಜಮಾನತಿ ಚಿ ಲ್ಯಾನಿ, ಕಂಪ್ಯೂಟರ್ ರಿಪೇರಿ ಮಾಡುವ ವಿರಾತ್ನೋನನ್ನು ಕರೆಸಿದರು. ನಲವತ್ತರ ಹತ್ತಿರದ, ಮಾತು ಕಮ್ಮಿಯ ಮನುಷ್ಯ. ಬಂದವನೇ ವಿಷಯ ಕೇಳಿ ನಕ್ಕ.

"ಬು, ನೀವು ಖಾಲಿ ಮಾಡಿದ್ದು ಬೀರುನ. ಅದು ಕೇಳ್ತಿರೋದು ಮೇಜು. ಸಾಮಾನು ಇಟ್ಟಿರೋ ಜಾಗ ಬೇರೆ, ಬಿಚ್ಕೊಂಡು ಕೆಲ್ಸ ಮಾಡೋ ಜಾಗ ಬೇರೆ."

"ಹಂಗಂತ ನಿನ್ನೆ ಹೇಳೋರು ಯಾರೂ ಇರ್ಲಿಲ್ವಲ್ಲ ಮಾಸ್. ಹೋಗಿರೋ ಫೋಟೋ ವಾಪಸ್ ಬರ್ತವಾ?"

"ಬರಲ್ಲ ಬು."

ಅವನು ಕಂಪ್ಯೂಟರ್ ಬಿಚ್ಚಿ, ಒಳಗಿದ್ದ ಮೆಮೊರಿಯ ಪಟ್ಟಿಗಳನ್ನು ತೆಗೆದು, ಎಂಟು ಪಟ್ಟು ದೊಡ್ಡವನ್ನು ಹಾಕಿದ. ನಾವೆಲ್ಲ ಸುತ್ತ ನಿಂತು ನೋಡಿದೆವು. ಪ್ರೋಗ್ರಾಂ ಶುರುವಾಯಿತು. ಸರಿಯಾಗಿ ಮುಕ್ಕಾಲು ಗಂಟೆ. ಒಂಬತ್ತನೆಯ ಅಧ್ಯಾಯ. ಕೆಂಪು ಸಾಲು.

ವಿರಾತ್ನೋ ಬಹಳ ಹೊತ್ತು ಆ ಸಾಲನ್ನೇ ನೋಡಿದ. ಎಂಟು ಪಟ್ಟು ಕೊಟ್ಟರೂ ಒಂದು ಪುಟದಷ್ಟೂ ಮುಂದೆ ಹೋಗದಿರುವುದು ಅವನಿಗೂ ವಿಚಿತ್ರವೆನಿಸಿತು. ಮೂಗು ಉಜ್ಜಿಕೊಂಡು, ಕಾಫಿ ತರಿಸಿಕೊಂಡು, ಪ್ರೋಗ್ರಾಂನ ಒಳಗಿನ ಚಿಕ್ಕ ಚಿಕ್ಕ ಕಡತಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡತೊಡಗಿದ. ಸಂಜೆಯ ಹೊತ್ತಿಗೆ ಒಂದು ಸಾಲು ಸಿಕ್ಕಿತು. ಎಷ್ಟೇ ಮೆಮೊರಿ ಇದ್ದರೂ ಐನೂರ ಹನ್ನೆರಡು ಎಂಬಿಗಿಂತ ಹೆಚ್ಚು ಮುಟ್ಟಬೇಡ ಎಂದು ಪ್ರೋಗ್ರಾಂಗೆ ಯಾರೋ ಯಾವತ್ತೋ ಬರೆದಿಟ್ಟಿದ್ದರು.

"ಇದೇ ಕಳ್ಳ!" ಎಂದ.

ಬುಧವಾರ ಬೆಳಿಗ್ಗೆ ಅಲ್ಲಿ ಹನ್ನೆರಡು ಸಾವಿರ ಎಂದು ಬರೆದರು. ಪ್ರೋಗ್ರಾಂ ಶುರುವೇ ಆಗಲಿಲ್ಲ. ಆರು ಸಾವಿರ ಎಂದು ಬರೆದರೂ ಇಲ್ಲ, ಮೂರು ಸಾವಿರಕ್ಕೂ ಇಲ್ಲ. ಸಾವಿರದ ನಾನೂರಕ್ಕೆ ಇಳಿಸಿದಾಗ ಶುರುವಾಗಿ, ಇಪ್ಪತ್ಮೂರನೆಯ ಅಧ್ಯಾಯದವರೆಗೆ ಹೋಗಿ ನಿಂತಿತು.

"ಕಮ್ಮಿ ಕೊಟ್ರೆ ಸಾಲ್ದು ಅಂತದೆ, ಜಾಸ್ತಿ ಕೊಟ್ರೆ ಏಳೋದೇ ಇಲ್ಲ," ಎಂದರು ಬು ಕುಸ್. "ಮಾಸ್, ಇದು ಯಂತ್ರನೋ, ನಮ್ಮತ್ತೆನೋ?"

ಪ್ರೋಗ್ರಾಂ ಹಳೆಯ ತಳಿಯದು, ಅದಕ್ಕೆ ಅಷ್ಟು ದೊಡ್ಡ ಸಂಖ್ಯೆಯನ್ನು ಹಿಡಿಯುವ ಶಕ್ತಿಯೇ ಇಲ್ಲ ಎಂದು ತಿಳಿಯಲು ಇನ್ನೂ ಅರ್ಧ ದಿನ ಹಿಡಿಯಿತು. ಅದನ್ನು ತೆಗೆದು ಹೊಸ ತಳಿಯದನ್ನು ಹಾಕಿದರು. ಈಗ ಹನ್ನೆರಡು ಸಾವಿರಕ್ಕೆ ಅದು ತಕರಾರಿಲ್ಲದೆ ಶುರುವಾಯಿತು. ಗುರುವಾರ ಬೆಳಿಗ್ಗೆ ಓಡಿಸಿದರು. ಇಪ್ಪತ್ಮೂರು ದಾಟಿತು, ನಲವತ್ತು ದಾಟಿತು, ಐವತ್ತೈದು ದಾಟಿತು. ಅರವತ್ತೊಂದರಲ್ಲಿ ನಿಂತಿತು. ಮೆಮೊರಿ ಸಾಲದು.

ವಿರಾತ್ನೋ ಬ್ಯಾಗು ಎತ್ತಿಕೊಂಡ. "ಇನ್ ಇದಕ್ಕಿಂತ ದೊಡ್ಡ ಮೆಮೊರಿ ಈ ಯಂತ್ರಕ್ಕೆ ಕೂರಲ್ಲ ಬು. ಅರವತ್ತೊಂದರಲ್ಲೇ ಏನೋ ಕೆಟ್ಟಿದೆ, ನೋಡಿ," ಎಂದು ಹೇಳಿ, ಬೇರೆ ಕಡೆ ಕೆಲಸವಿದೆ, ಸೋಮವಾರ ಬರುತ್ತೇನೆ ಎಂದು ಹೊರಟುಹೋದ.

ಅಲ್ಲಿಂದ ಬು ಕುಸ್ ಒಂದು ನೋಟುಪುಸ್ತಕ ಇಟ್ಟುಕೊಂಡರು. ಏನನ್ನು ಬದಲಿಸಿದೆ, ಎಲ್ಲಿ ನಿಂತಿತು, ಎಷ್ಟು ಹೊತ್ತಾಯಿತು ಎಂದು ಪ್ರತಿ ಸಲವೂ ಬರೆಯತೊಡಗಿದರು. ಅರವತ್ತೊಂದನೆಯ ಅಧ್ಯಾಯವನ್ನು ಹಿಂದೆ ಮುಂದೆ ಓದಿದರು. ಮುಚ್ಚದೆ ಬಿಟ್ಟ ಬಾಗಿಲು ಒಂದೂ ಇರಲಿಲ್ಲ. ಆ ಅಧ್ಯಾಯವನ್ನೇ ತೆಗೆದಿಟ್ಟು ಓಡಿಸಿದರೆ ಅರವತ್ತೆರಡರಲ್ಲಿ ನಿಂತಿತು. ಎರಡನ್ನೂ ತೆಗೆದರೆ ಅರವತ್ಮೂರರಲ್ಲಿ ನಿಂತಿತು. ಎಲ್ಲ ತೆಗೆದು ಅರವತ್ತೊಂದನ್ನೊಂದೇ ಓಡಿಸಿದರೆ ನಾಲ್ಕು ನಿಮಿಷದಲ್ಲಿ ಸೊಗಸಾಗಿ ಪುಟಗಳಾಗಿ ಬಂತು.

"ಎಲ್ಲಾರೂ ಒಳ್ಳೇರೇ," ಎಂದರು ನನ್ನತ್ತ ನೋಡಿ. "ಒಬ್ಬೊಬ್ರೇ ಇದ್ದಾಗ ಏನೂ ತಂಟೆ ಇಲ್ಲ. ಒಟ್ಟಿಗೆ ಕೂರ್ಸಿದ್ರೆ ಜಗಳ."

ಹಾಗಾದರೆ ಒಂದೊಂದನ್ನೇ ಬೇರೆ ಬೇರೆ ಓಡಿಸಿ ಕೊನೆಗೆ ಜೋಡಿಸಿದರಾಯಿತಲ್ಲ ಎಂದು ನಾನು ಬಹಳ ಜಾಣನಂತೆ ಹೇಳಿದೆ. ಅವರು ಅದನ್ನೂ ಮಾಡಿ ನೋಡಿದರು. ಪ್ರತಿ ಅಧ್ಯಾಯವೂ ಒಂದನೆಯ ಪುಟದಿಂದ ಶುರುವಾಯಿತು. ಹೋಗಲಿ ಎಂದರೆ, ಒಂದು ಅಧ್ಯಾಯದಿಂದ ಇನ್ನೊಂದಕ್ಕೆ 'ಇಂಥ ಪುಟ ನೋಡಿ' ಎಂದಿದ್ದ ಕಡೆಯಲ್ಲೆಲ್ಲ ಸಂಖ್ಯೆಯ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬಿದ್ದಿದ್ದವು. ಅವರು ನನ್ನ ಮೇಜಿಗೆ ಒಂದು ಹಾಳೆ ತಂದಿಟ್ಟರು. ತಣ್ಣೀರಿನ ಪಂಪು ನಿಂತರೆ ತಕ್ಷಣ ನೋಡಿ ಪುಟ, ಎಂದಿತ್ತು. ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆ.

"ಎಂಜಿನ್ ಹೊಗೆ ಕಾರ್ತಾ ಇರೋವಾಗ ಈ ಹಾಳೆ ನೋಡ್ದೋನು ನಮ್ಮ ವಂಶಾನೇ ಬೈತಾನೆ," ಎಂದರು.

ಶನಿವಾರ ಏನನ್ನೂ ಬದಲಿಸದೆ ಗುರುವಾರ ಮಾಡಿದ್ದನ್ನೇ ಮತ್ತೊಮ್ಮೆ ಮಾಡಿದರು. ಅರವತ್ತೊಂದಕ್ಕೆ ಬರಬೇಕಾದದ್ದು ಐವತ್ತೆಂಟರಲ್ಲೇ ನಿಂತಿತು. ಅವರು ಬರೆದುಕೊಳ್ಳಲು ಪೆನ್ನು ಎತ್ತಿ, ಬರೆಯದೆ ಹಾಗೇ ಕೂತರು. ಅವತ್ತು ನಾನು ಅವರ ಮುಖ ನೋಡಿ ಹೆದರಿದೆ. ಇಪ್ಪತ್ತೊಂಬತ್ತು ವರ್ಷದಿಂದ ತಪ್ಪು ಎಲ್ಲಿದೆಯೆಂದು ಹುಡುಕಿ ಬೆರಳಿಟ್ಟು ತೋರಿಸುತ್ತ ಬಂದ ಹೆಂಗಸು. ಬೆರಳಿಡಲು ಜಾಗವೇ ಸಿಗದೆ, ಪೆನ್ನನ್ನು ಗಾಳಿಯಲ್ಲಿ ಹಿಡಿದುಕೊಂಡಿದ್ದರು.

"ಚಾಕ್, ನಿನ್ನೆ ಎರಡು ಇವತ್ತು ಎರಡು ಸೇರ್ಸಿದ್ರೆ ನಾಲ್ಕೇ ತಾನೆ?"

"ಹೌದು ಬು."

"ನನಗೆ ಅದೂ ಡೌಟ್ ಬಂದ್ಬಿಟ್ಟಿದೆ."

ಆ ದಿನಗಳಲ್ಲಿ ಸೆಂದಾನದ ಮುಖ್ಯ ಎಂಜಿನಿಯರ್ ಪಾಕ್ ಮಪ್ಪಾಂಗರ ದಿನಾ ಬೆಳಿಗ್ಗೆ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಮಕಸ್ಸಾರ್‌ನ ಕಡೆಯವರು, ಅರವತ್ತು ಸಮೀಪಿಸಿದವರು, ದಪ್ಪ ಮೀಸೆ, ಎಡಗೈಯ ಎರಡು ಬೆರಳು ಮೊಟಕು. ಮೊದಮೊದಲು ಜೋರು ಮಾಡುತ್ತಿದ್ದರು. ಬು ಕುಸ್ ಪಡುತ್ತಿದ್ದ ಪಾಡು ನೋಡಿದ ಮೇಲೆ ಬರುವಾಗ ಬಾಳೆಹಣ್ಣಿನ ಬಜ್ಜಿ ಕಟ್ಟಿಸಿಕೊಂಡು ಬರತೊಡಗಿದರು.

"ಬು, ಒಂದು ಮಾತು," ಎಂದರು ಆ ಶನಿವಾರ. "ಎಂಜಿನ್ ಬಿಸಿ ಆದ್ರೆ ನಾವು ಮೊದ್ಲು ಎಂಜಿನ್ ನೋಡಲ್ಲ. ಏನ್ ಹೊರ್ತಾ ಇದೆ ಅಂತ ನೋಡ್ತೀವಿ. ನಿಮ್ಮ ಪ್ರೋಗ್ರಾಂ ಏನ್ ಹೊರ್ತಾ ಇದೆ?"

"ಕೈಪಿಡಿ ಹೊರ್ತಾ ಇದೆ ಪಾಕ್. ಮತ್ತಿನ್ನೇನು?"

"ಇಡೀದಾ? ಒಂದೇ ಸಲಕ್ಕಾ? ಮೊದಲ್ನೇ ಪುಟ ಮುಗಿದ್ಮೇಲೆ ಕೆಳಗಿಡೋಕೇನ್ ಕಷ್ಟ ಅದಕ್ಕೆ?"

ಆ ಪ್ರಶ್ನೆಗೆ ಉತ್ತರ ಬು ಕುಸ್‌ಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ, ನನಗಂತೂ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಭಾನುವಾರ ಅವರು ಮನೆಯಲ್ಲೇ ಇದ್ದರು. ಕೆಂಜೆರಾನ್‌ನ ಸಮುದ್ರದ ದಂಡೆಯಲ್ಲಿ ಅವರ ಮನೆ. ಗಂಡ ಪಾಕ್ ಸುಗಿತೋ ಒಣಮೀನಿನ ಹಪ್ಪಳ ಕರಿದು ಮಾರುವವರು. ಆ ದಿನ ಏನಾಯಿತೆಂದು ಅವರೇ ನನಗೆ ಆಮೇಲೆ ಹೇಳಿದ್ದು. ಗಂಡನ ಜೊತೆ ಹಪ್ಪಳ ಪೊಟ್ಟಣ ಕಟ್ಟುತ್ತ ಕೂತಿದ್ದರಂತೆ. ಒಂದೊಂದು ಪೊಟ್ಟಣಕ್ಕೂ ಇಪ್ಪತ್ತು. ಮೂರು ಸಲ ಎಣಿಸಿದರೂ ಹತ್ತೊಂಬತ್ತಕ್ಕೇ ನಿಲ್ಲಿಸಿಬಿಟ್ಟರಂತೆ. ಗಂಡ ಸುಮ್ಮನೆ ಪೊಟ್ಟಣವನ್ನು ಕೈಯಿಂದ ತೆಗೆದುಕೊಂಡು, "ಹೋಗಿ ಮಲ್ಕೋ. ಹಡಗು ಮುಳುಗಿದ್ರೆ ನಿನ್ನಿಂದ ಅಂತ ಯಾರೂ ಅನ್ನಲ್ಲ," ಎಂದರಂತೆ. "ಅವ್ರು ಸಮಾಧಾನಕ್ಕೆ ಅಂದಿದ್ದು. ಆದ್ರೆ ಹಡಗು ಮುಳುಗೋ ಮಾತೇ ನನಗೆ ಅಲ್ಲಿವರ್ಗೂ ಹೊಳೆದಿರ್ಲಿಲ್ಲ ಚಾಕ್," ಎಂದು ಬು ಕುಸ್ ಹೇಳಿದರು. ಅವರಿಗೆ ನಿದ್ದೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರು ಮೇಜಿನ ಮೇಲೆ ಅರವತ್ತೊಂದನೆಯ ಅಧ್ಯಾಯದ ಅಚ್ಚಾದ ಹಾಳೆಗಳನ್ನು ಹರಡಿಕೊಂಡು ಕೂತಿದ್ದರು. ಅದನ್ನೊಂದೇ ಓಡಿಸಿದಾಗ ಬಂದಿದ್ದ ಹಾಳೆಗಳು. ನನ್ನನ್ನು ಕೈಬೀಸಿ ಕರೆದು ಒಂದು ಹಾಳೆಯ ತಳವನ್ನು ತೋರಿಸಿದರು. ನಮ್ಮ ಎಲ್ಲ ಕೈಪಿಡಿಗಳಲ್ಲೂ ಇರುವಂತೆ ಅಲ್ಲಿ ಪುಟ ಸಂಖ್ಯೆ ಇತ್ತು: ಪುಟ 3, ಒಟ್ಟು 188.

"ಇದು ಮೂರನೇ ಪುಟ ಅಲ್ವಾ?"

"ಹೌದು."

"ಮೂರನೇ ಪುಟ ಬರೆಯೋವಾಗ್ಲೇ ಒಟ್ಟು ನೂರಾ ಎಂಬತ್ತೆಂಟು ಅಂತ ಅದಕ್ಕೆ ಹೆಂಗ್ ಗೊತ್ತಾಯ್ತು?"

ನಾನು ನಗಲು ಹೊರಟವನು ನಿಲ್ಲಿಸಿದೆ.

"ಗೊತ್ತಿರೋಕೆ ಸಾಧ್ಯವೇ ಇಲ್ಲ," ಎಂದರು ಅವರು. ಮಾತು ನಿಧಾನವಾಗಿ ಬರುತ್ತಿತ್ತು. "ಟೈಪ್ ಮಾಡೋ ಕಾಲದಲ್ಲಿ ನಮಗೂ ಗೊತ್ತಿರ್ತಿರ್ಲಿಲ್ಲ. ಒಟ್ಟು ಅನ್ನೋ ಕಡೆ ಖಾಲಿ ಬಿಡ್ತಿದ್ವಿ. ಎಲ್ಲಾ ಹಾಳೇನೂ ಕಟ್ಟಿ ಪಕ್ಕದಲ್ಲಿ ಇಟ್ಕೊಂಡು, ಕಡೇ ಪುಟ ಮುಗಿದ್ಮೇಲೆ ಮತ್ತೆ ಮೊದಲ್ನೇದ್ರಿಂದ ತುಂಬ್ಕೊಂಡು ಬರ್ತಿದ್ವಿ. ಇದೂ ಅದನ್ನೇ ಮಾಡ್ತಿದ್ಯೇನೋ. ಕಡೇ ಪುಟ ಸಿಗೋವರ್ಗೂ ಒಂದ್ ಹಾಳೇನೂ ಕೆಳಗಿಡ್ದೆ ಎಲ್ಲಾನೂ ಎದೆಗವಚ್ಕೊಂಡು ನಿಂತಿದ್ಯೇನೋ."

"ಇರ್ಬಹುದಾ ಬು?"

"ನನ್ನನ್ನೇನ್ ಕೇಳ್ತೀಯಾ? ನನಗೇನ್ ಗೊತ್ತು?"

ಹತ್ತು ಗಂಟೆಗೆ ವಿರಾತ್ನೋ ಬಂದ. ಅವರು ಹೇಳಿದ್ದನ್ನು ಕೇಳಿ ತಲೆ ಕೆರೆದುಕೊಂಡ. ಇರಬಹುದು ಎಂದ, ಇಲ್ಲದೆಯೂ ಇರಬಹುದು ಎಂದ. ಬು ಕುಸ್ ಪುಟಗಳ ರೂಪ ಹೇಳುವ ಕಡತವನ್ನು ತೆಗೆದು, ಒಟ್ಟು ಪುಟ ಬರೆ ಎಂಬ ಒಂದೇ ಒಂದು ಸಾಲನ್ನು ಅಳಿಸಿ, ಊಟಕ್ಕೆ ಮೊದಲು ಓಡಿಸಲು ಹಚ್ಚಿದರು. ಮೆಮೊರಿ ಎಷ್ಟು ತುಂಬಿದೆಯೆಂದು ತೋರಿಸುವ ಹಸಿರು ಪಟ್ಟಿಯೊಂದನ್ನು ವಿರಾತ್ನೋ ಪರದೆಯ ಮೂಲೆಯಲ್ಲಿ ಇಟ್ಟಿದ್ದ. ಮೊದಲೆಲ್ಲ ಅದು ಹತ್ತಿದ್ದು ಇಳಿಯುತ್ತಲೇ ಇರಲಿಲ್ಲ. ಅವತ್ತು ಸ್ವಲ್ಪ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಮಲಗಿದವರ ಹೊಟ್ಟೆಯ ಹಾಗೆ. ಐವತ್ತೆಂಟು ದಾಟಿತು. ಅರವತ್ತೊಂದು ದಾಟಿತು. ಅರವತ್ತೆಂಟು ಮುಗಿದು, ಪರದೆಯ ಮೇಲೆ ಕೆಂಪು ಅಕ್ಷರವೇ ಇಲ್ಲದೆ ನಿಂತಿತು.

ಕಡೆಯ ಪುಟದ ಸಂಖ್ಯೆ ಒಂಬತ್ತು ಸಾವಿರದ ಇನ್ನೂರ ಒಂಬತ್ತು.

ಎಲ್ಲರೂ ಚಪ್ಪಾಳೆ ತಟ್ಟಿದೆವು. ಪಾಕ್ ಮಪ್ಪಾಂಗರ ಬೆಂಚಿನಿಂದ ಎದ್ದು ಬಂದು ಮೊದಲ ಪುಟವನ್ನು ನೋಡಿದರು. ನೋಡಿದವರೇ ಕೇಳಿದರು:

"ಒಟ್ಟು ಎಷ್ಟು ಅಂತ ಎಲ್ಲಿದೆ?"

"ಅದನ್ನ ತೆಗೆದಿದ್ದಕ್ಕೇ ಆಗಿದ್ದು ಪಾಕ್."

"ಆಗಲ್ಲ ಬು. ಅದು ಬೇಕೇ ಬೇಕು." ಅವರ ದನಿಯಲ್ಲಿ ಹಳೆಯ ಜೋರು ಇರಲಿಲ್ಲ. ಮೊಟಕು ಬೆರಳುಗಳ ಕೈಯನ್ನು ಮೇಜಿನ ಮೇಲಿಟ್ಟರು. "ನಾನು ಚಿಕ್ಕೋನಿದ್ದಾಗ ಒಂದು ಹಡಗಲ್ಲಿ ಕೈಪಿಡಿ ನೋಡ್ಕೊಂಡು ಪಂಪ್ ಬಿಚ್ಚಿದೆ. ಅದ್ರಲ್ಲಿದ್ದ ಹಂಗೇ ಮಾಡ್ದೆ. ಕಡೇ ಹಾಳೇಲಿ ಮೊದ್ಲು ಒತ್ತಡ ಇಳಿಸು ಅಂತ ಎಚ್ಚರಿಕೆ ಇತ್ತಂತೆ. ಆ ಹಾಳೆ ಯಾವಾಗ್ಲೋ ಹರಿದೋಗಿತ್ತು. ಹರಿದೋಗಿದೆ ಅಂತ ನನಗೆ ಹೆಂಗ್ ಗೊತ್ತಾಗ್ಬೇಕು? ಒಟ್ಟು ಎಷ್ಟು ಅಂತ ಬರೆದಿರ್ಲಿಲ್ಲ."

ಬು ಕುಸ್ ಆ ಕೈಯನ್ನೇ ನೋಡುತ್ತಿದ್ದರು.

"ಆಯ್ತು ಪಾಕ್," ಎಂದರು. "ಹಾಕ್ತೀನಿ."

ಅವರು ಮಾಡಿದ್ದು ಟೈಪ್‌ರೈಟರ್ ಕಾಲದ ಉಪಾಯವನ್ನೇ. ಒಟ್ಟು ಎಷ್ಟೆಂದು ಲೆಕ್ಕ ಹಾಕು ಎಂದು ಪ್ರೋಗ್ರಾಂಗೆ ಹೇಳುವ ಬದಲು, ಒಮ್ಮೆ ಓಡಿಸಿ ಸಿಕ್ಕ 9209 ಎಂಬ ಸಂಖ್ಯೆಯನ್ನು ತಾವೇ ಕೈಯಾರೆ ಅಲ್ಲಿ ಬರೆದರು. 'ಇಂಥ ಪುಟ ನೋಡಿ' ಎಂದಿದ್ದ ಕೆಲವು ಹಾಳೆಗಳನ್ನು ಬಿಟ್ಟರೆ ಇನ್ನು ಅದು ಯಾವುದನ್ನೂ ಹಿಡಿದುಕೊಂಡು ಕಾಯಬೇಕಾಗಿರಲಿಲ್ಲ. ಮಂಗಳವಾರ ಎರಡನೆಯ ಸಲ ಓಡಿಸಿದರು. ಕೊನೆಯವರೆಗೂ ಹೋಯಿತು. ಕಡೆಯ ಪುಟ ತೆಗೆದು ನೋಡಿದರೆ ಹೀಗಿತ್ತು: ಪುಟ 9212, ಒಟ್ಟು 9209.

"ಮೂರು ಪುಟ ಎಲ್ಲಿಂದ ಹುಟ್ಟಿದ್ವು?" ಎಂದರು ಚಿ ಲ್ಯಾನಿ.

ಬು ಕುಸ್ ಸಂಖ್ಯೆಯನ್ನು 9212 ಎಂದು ತಿದ್ದಿ ಬುಧವಾರ ಮೂರನೆಯ ಸಲ ಓಡಿಸಿದರು. ಈ ಸಲ ಎಲ್ಲಿ 9215 ಆಗುತ್ತದೋ, ಆಮೇಲೆ 9218 ಆಗುತ್ತದೋ, ಹೀಗೇ ಸಾಯುವತನಕ ಮೂರು ಮೂರೇ ಹೆಚ್ಚುತ್ತ ಹೋಗುತ್ತದೋ ಎಂದು ಅವರು ಪರದೆಯ ಕಡೆ ಬೆನ್ನು ಮಾಡಿ ಕೂತಿದ್ದರು. ನಾನೇ ನೋಡಿ ಹೇಳಬೇಕಾಯಿತು. 9212. ಒಟ್ಟೂ 9212.

"ಸರಿಯಾಗಿದ್ಯಾ?"

"ಸರಿಯಾಗಿದೆ ಬು."

"ಯಾಕ್ ಸರಿಯಾಯ್ತು?"

ನಾನಾಗಲೇ ಅಚ್ಚಿನವರನ್ನು ಕರೆಯಲು ಮೆಟ್ಟಿಲಿಳಿಯುತ್ತಿದ್ದೆ.

ಆ ರಾತ್ರಿಯಿಡೀ ಅಚ್ಚಿನವರಿಗೆ ಬಿಡುವಿರಲಿಲ್ಲ. ಹದಿನೆಂಟನೆಯ ತಾರೀಕು ಮಧ್ಯಾಹ್ನ ಇಪ್ಪತ್ಮೂರು ಸಂಪುಟಗಳು ಕೈಗಾಡಿಯಲ್ಲಿ ಸೆಂದಾನಕ್ಕೆ ಹೋದವು. ಮರುದಿನ ತಪಾಸಣೆಗೆ ಬಂದ ಅಧಿಕಾರಿ ಮೊದಲ ಸಂಪುಟದ ಮೊದಲ ಪುಟ, ಕಡೆಯ ಸಂಪುಟದ ಕಡೆಯ ಪುಟ ನೋಡಿ, ನಡುವೆ ಎಲ್ಲೋ ಒಂದು ಕಡೆ ತೆಗೆದು 'ಇಂಥ ಪುಟ ನೋಡಿ' ಎಂದಿದ್ದಲ್ಲಿಗೆ ಹೋಗಿ ನೋಡಿ, ಸಹಿ ಹಾಕಿದರಂತೆ. ಹಡಗು ಇಪ್ಪತ್ತೆರಡಕ್ಕೆ ಹೊರಟಿತು. ಬು ಕುಸ್ ನೋಡಲು ಹೋಗಲಿಲ್ಲ.

ಅವರ ಕೆಲಸ ಇನ್ನೂ ಮುಗಿದಿರಲಿಲ್ಲ. ಹಡಗು ಹೊರಟ ದಿನವೇ ವಿರಾತ್ನೋ ಬಂದು ಸಂಕೋಚದಿಂದ ಒಂದು ಮಾತು ಹೇಳಿದ್ದ. ಆ ಸೋಮವಾರ ಬೆಳಿಗ್ಗೆ, ಅವರು ಒಟ್ಟು ಪುಟದ ಸಾಲು ಅಳಿಸುತ್ತಿದ್ದಾಗ, ಅವನೂ ಕಂಪ್ಯೂಟರಿನಲ್ಲಿ ಏನೋ ಒಂದನ್ನು ಬದಲಿಸಿದ್ದನಂತೆ. ಹಿಂದೆ ಸುಮ್ಮನೆ ಓಡುತ್ತಿದ್ದ ವೈರಸ್ ಕಾವಲಿನ ಪ್ರೋಗ್ರಾಂ ಮೆಮೊರಿ ತಿನ್ನುತ್ತಿತ್ತು, ಅದನ್ನು ನಿಲ್ಲಿಸಿದ್ದನಂತೆ. ಹೇಳಲು ಮರೆತಿದ್ದ.

"ಹಂಗಾದ್ರೆ ಆಗಿದ್ದು ನನ್ನಿಂದನೋ ನಿನ್ನಿಂದನೋ?" ಎಂದು ಬು ಕುಸ್ ಕೇಳಿದರು. ಸಿಟ್ಟಿರಲಿಲ್ಲ. ನಿಜವಾಗಿ ಗೊತ್ತಾಗಬೇಕಿತ್ತು, ಅಷ್ಟೆ.

"ಗೊತ್ತಿಲ್ಲ ಬು. ಈಗ ಆಯ್ತಲ್ಲ ಬಿಡಿ."

ಅವರು ಬಿಡಲಿಲ್ಲ. ಹಡಗು ಹೋಗಿತ್ತು, ಯಾರಿಗೂ ಅದು ಬೇಕಿರಲಿಲ್ಲ, ಆದರೂ ಮುಂದಿನ ಎರಡು ಶನಿವಾರ ಬಂದು ಕೂತರು. ಮೊದಲ ಶನಿವಾರ ವಿರಾತ್ನೋ ಮಾಡಿದ ಬದಲಾವಣೆ ಮಾತ್ರ ಇಟ್ಟು, ಒಟ್ಟು ಪುಟದ ಸಾಲನ್ನು ವಾಪಸು ಹಾಕಿ ಓಡಿಸಿದರು. ಅರವತ್ತಾರಕ್ಕೆ ನಿಂತಿತು. ಎರಡನೆಯ ಶನಿವಾರ ಕಾವಲಿನ ಪ್ರೋಗ್ರಾಂ ಓಡುತ್ತಿರುವಂತೆಯೇ ಬಿಟ್ಟು, ಒಟ್ಟು ಪುಟದ ಸಾಲನ್ನು ತೆಗೆದು ಓಡಿಸಿದರು. ಕುಂಟುತ್ತ ಕುಂಟುತ್ತ, ಆದರೂ ಕೊನೆ ಮುಟ್ಟಿತು. ನೋಟುಪುಸ್ತಕದಲ್ಲಿ ಎರಡನ್ನೂ ಬರೆದು, ಕೆಳಗೆ ಗೆರೆ ಎಳೆದರು.

"ನಂದೇ ಸರಿ," ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಬಹುಪಾಲು," ಎಂದು ಸೇರಿಸಿದರು. ಗುರುವಾರ ಅರವತ್ತೊಂದಕ್ಕೆ ನಿಂತದ್ದು ಶನಿವಾರ ಐವತ್ತೆಂಟಕ್ಕೇ ಯಾಕೆ ನಿಂತಿತು, ಆ ಮೂರು ಪುಟಗಳು ಎಲ್ಲಿಂದ ಬಂದವು, ಇವೆರಡಕ್ಕೂ ಕಾರಣ ಅವರಿಗೆ ಸಿಗಲಿಲ್ಲ. ಆ ಎರಡು ಪ್ರಶ್ನೆಗಳನ್ನೂ ಗೆರೆಯ ಕೆಳಗೆ ಬರೆದಿಟ್ಟರು.

ಮುಂದಿನ ವರ್ಷ ಚಿ ಲ್ಯಾನಿ ಅವರನ್ನು ನಮ್ಮ ವಿಭಾಗದ ಮೇಲ್ವಿಚಾರಕರನ್ನಾಗಿ ಮಾಡಿದರು. ಹೊಸದಾಗಿ ಸೇರಿದವರಿಗೆ ಆ ಸಲ ಏನೇನಾಯಿತೆಂದು ಹೇಳಿಕೊಡಿ ಎಂದರು. ಬು ಕುಸ್ ಎಲ್ಲರ ಮುಂದೆ ನಿಂತು, ನೋಟುಪುಸ್ತಕ ತೆಗೆದು, ಮದುವೆ ಫೋಟೋ ಅಳಿಸಿದಲ್ಲಿಂದ ಶುರು ಮಾಡಿ, ತಾವು ಮಾಡಿದ ತಪ್ಪುಗಳನ್ನೇ ಒಂದೊಂದಾಗಿ ಓದಿದರು. ನಾಲ್ಕು ಪುಟ ಬರೀ ತಪ್ಪು. ಸರಿಯಾದದ್ದು ಎರಡೇ ಸಾಲು. ಒಬ್ಬಳು ಧೈರ್ಯ ಮಾಡಿ, ಬರೀ ಆ ಎರಡು ಸಾಲು ಹೇಳಿದ್ರೆ ಸಾಕಿತ್ತಲ್ಲ ಬು ಎಂದಳು. "ನಿನ್ನ ಕೈಪಿಡಿ ಕೆಡೋದು ಬೇರೆ ಕಾರಣಕ್ಕಮ್ಮ," ಎಂದರು ಅವರು. "ಅವತ್ತು ನಿನಗೆ ಬೇಕಾಗೋದು ಈ ನಾಲ್ಕು ಪುಟ."

ಕಳೆದ ಮಳೆಗಾಲಕ್ಕೆ ಮೊದಲು ಒಂದು ತೈಲದ ಹಡಗಿನ ಕೈಪಿಡಿ ನಮಗೆ ಬಂತು. ನೂರಾ ಹದಿನಾಲ್ಕು ಅಧ್ಯಾಯ. ಈಗ ನಮ್ಮಲ್ಲಿ ಹೊಸ ಯಂತ್ರಗಳಿವೆ, ಒಟ್ಟು ಪುಟದ ಸಂಖ್ಯೆಯನ್ನು ನಾವು ಕೈಯಲ್ಲೇ ಹಾಕುತ್ತೇವೆ. ಬು ಕುಸ್ ನಿವೃತ್ತರಾಗಿದ್ದರೂ ವಾರಕ್ಕೆರಡು ದಿನ ಬರುತ್ತಾರೆ. ಅವತ್ತು ಅವರೇ ಕೂತು ಓಡಿಸಿದರು. ಐದನೆಯ ಅಧ್ಯಾಯಕ್ಕೇ ನಿಂತಿತು. ಮೆಮೊರಿ ಸಾಲದು.

ನಾವೆಲ್ಲ ಅವರ ಮುಖ ನೋಡಿದೆವು. ಅವರು ಕನ್ನಡಕವನ್ನು ತೆಗೆದು ಎದೆಯ ಮೇಲೆ ಇಳಿಬಿಟ್ಟುಕೊಂಡರು.

"ಏನ್ ಬು, ಏನಾಗಿರ್ಬಹುದು?"

"ಒಂದ್ ಚೂರೂ ಗೊತ್ತಿಲ್ಲ ಚಾಕ್," ಎಂದರು. "ನಡಿ, ಮೊದ್ಲು ಊಟ ಮಾಡ್ಕೊಂಡ್ ಬರಾಣ."